ನೋಡಿದವರು ಕೆಳಗೆ ಬರಲಿ

ಮೊದಲು ನಕ್ಕವನು ಕನ್ನಡಕದವನು. ಆಮೇಲೆ ಅವನ ಪಕ್ಕದ ಹುಡುಗಿ. ಆಮೇಲೆ ಇಡೀ ಸಾಲು. ಚೂಟಿಯೂ ನಕ್ಕಳು.

ಎಲ್ಲರೂ ಬಗ್ಗಿ ನೋಡುತ್ತಿದ್ದದ್ದು ಅವಳ ಕಂಪ್ಯೂಟರ್ ಪರದೆಯನ್ನೇ. ಕರೆದವಳೂ ಅವಳೇ. ‘ಇಲ್ನೋಡ್ರೋ, ಇದನ್ನ ಏನಂತ ಹಾಕ್ಲಿ? ಯಾವ ಬಟನ್ ಒತ್ಲಿ?’ ಎಂದು ಕೇಳಿದ್ದಳು.

ಅದು ಯಾವುದೋ ಹೊಲಿಗೆ ಕಾರ್ಖಾನೆಯ ವಿಡಿಯೋ. ಅಲ್ಲಿಯ ಹೆಂಗಸರ ತಲೆಗೆ ಕ್ಯಾಮೆರಾ ಕೂರಿಸಿದ ಟೋಪಿ ತೊಡಿಸಿದ್ದರು. ಕ್ಯಾಮೆರಾ ಹಣೆಯ ಮೇಲೆ ಕೂತು ಕೆಳಗೆ ನೋಡುತ್ತಿತ್ತು. ಹಾಗಾಗಿ ಮುಖ ಕಾಣುತ್ತಿರಲಿಲ್ಲ. ಕೈ ಮಾತ್ರ. ಬಟ್ಟೆ ಎಳೆಯುವ ಕೈ, ಸೂಜಿಯ ಕೆಳಗೆ ನೂಕುವ ಕೈ, ದಾರ ಕತ್ತರಿಸುವ ಕೈ. ಈ ಕೈಗಳನ್ನು ನೋಡಿ ನೋಡಿ ಒಂದು ಯಂತ್ರ ಹೊಲಿಯುವುದನ್ನು ಕಲಿಯುತ್ತದೆ ಎಂದು ಆಫೀಸಿನಲ್ಲಿ ಹೇಳಿದ್ದರು. ಆದರೆ ನೋಡುತ್ತಿರುವುದು ಏನೆಂದು ಯಂತ್ರಕ್ಕೆ ತಾನಾಗಿ ತಿಳಿಯುವುದಿಲ್ಲ. ಯಾರಾದರೂ ಪಕ್ಕದಲ್ಲಿ ಕೂತು ಹೇಳಿಕೊಡಬೇಕು. ಇದು ಎತ್ತಿದ್ದು, ಇದು ಮಡಚಿದ್ದು, ಇದು ಹೊಲಿದದ್ದು. ಹೇಳಿಕೊಡುವುದೇ ಚೂಟಿಯ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ಕೈ ನೋಡುವುದು, ಬಟನ್ ಒತ್ತುವುದು. ಕೈ ಹೊಲಿಗೆ ಬಿಟ್ಟು ಬೇರೇನೇ ಮಾಡಿದರೂ ಅದಕ್ಕೊಂದು ಕೆಂಪು ಬಟನ್ ಇತ್ತು: ‘ವ್ಯರ್ಥ’.

ಈ ವಿಡಿಯೋದಲ್ಲಿ ಕೈಗಳು ಹೊಲಿಯುತ್ತಿರಲಿಲ್ಲ. ಕಕ್ಕಸಿನ ಚಿಲಕ ಹಾಕಿದವು. ನಲ್ಲಿ ತಿರುಗಿಸಿದವು. ಉಟ್ಟ ಬಟ್ಟೆಯ ಹಿಂಭಾಗವನ್ನು ಮುಂದಕ್ಕೆ ಎಳೆದುಕೊಂಡು ರಕ್ತದ ಕಲೆ ಉಜ್ಜತೊಡಗಿದವು. ನೀರು ಕೆಂಪಾಗಿ ಇಳಿಯಿತು. ಕಲೆ ಹೋಗಲಿಲ್ಲ. ಮತ್ತೆ ಉಜ್ಜಿದವು. ಆಮೇಲೆ ಎರಡೂ ಕೈ ಕಿಬ್ಬೊಟ್ಟೆಯನ್ನು ಒತ್ತಿ ಹಿಡಿದುಕೊಂಡವು. ಆಮೇಲೆ ಮೇಲಕ್ಕೆ ಬಂದವು, ಮುಖದ ಕಡೆಗೆ. ಪರದೆ ಕತ್ತಲಾಯಿತು. ಬೆರಳ ಸಂದಿಯಲ್ಲಿ ಒಂದಿಷ್ಟು ಬೆಳಕು. ಆ ಕತ್ತಲು ಅಲುಗುತ್ತಿತ್ತು.

‘ಕಣ್ಣಾಮುಚ್ಚಾಲೆ ಆಡ್ತಿದಾಳೆ ಕಣೋ!’ ಎಂದ ಕನ್ನಡಕದವನು.

ಆಗ ಬಂದದ್ದು ಆ ನಗು.

ಟೀಮ್ ಲೀಡರ್ ಬಂದ. ಅವನು ನಗಲಿಲ್ಲ. ಮೂಗು ಮುರಿದ. ‘ಥೂ. ಹೊಲಿಗೆ ಏನಾದ್ರೂ ಇದ್ಯಾ ಅದ್ರಲ್ಲಿ? ಇಲ್ಲ ತಾನೆ? ವ್ಯರ್ಥ ಅಂತ ಒತ್ತು, ಮುಂದಕ್ಕೆ ಹೋಗು.’

ಚೂಟಿ ಒತ್ತಿದಳು.

ಒತ್ತಿದ ಮೇಲೂ ವಿಡಿಯೋದ ಕೊನೆಯ ತುಣುಕು ಓಡುತ್ತಿತ್ತು. ಕೈಗಳು ಮುಖದಿಂದ ಕೆಳಗಿಳಿದವು. ಒದ್ದೆ ಬೆರಳುಗಳನ್ನು ಬಟ್ಟೆಗೆ ಒರೆಸಿಕೊಂಡವು. ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಒಂದೇ ಉಗುರು, ಎರಡು ಚೂರಾಗಿ ಬೆಳೆದಿತ್ತು.

ಆ ಉಗುರಿನೊಳಗೆ ಹೊಲಿಗೆ ಯಂತ್ರದ ಸೂಜಿ ಹೊಕ್ಕು ಹೊರಬಂದ ದಿನ ಚೂಟಿ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಬೆರಳಿಗೆ ಬಟ್ಟೆ ಸುತ್ತಿದವಳು ಅವಳೇ. ಸುತ್ತುತ್ತಾ ಅವಳು ಅತ್ತಿದ್ದಳು. ಅಮ್ಮ ಅತ್ತಿರಲಿಲ್ಲ.

ಚೂಟಿಯ ನಗು ಇನ್ನೂ ಮುಖದ ಮೇಲೇ ಇತ್ತು. ತೆಗೆಯುವುದು ಹೇಗೆಂದು ತಿಳಿಯಲಿಲ್ಲ. ಪಕ್ಕದಲ್ಲಿ ಕನ್ನಡಕದವನು ಫೋನು ಹಿಡಿದಿದ್ದ. ಪರದೆಯ ಮೇಲೆ ಓಡುತ್ತಿದ್ದದ್ದನ್ನೆಲ್ಲ ಸುತ್ತಲಿನ ನಗುವಿನ ಸಮೇತ ಫೋನಿನ ಕ್ಯಾಮೆರಾದಲ್ಲಿ ಹಿಡಿದುಕೊಂಡಿದ್ದ.

‘ಅಳಿಸು ಅದನ್ನ,’ ಎಂದಳು.

‘ಯಾಕೆ? ನೀನ್ಯಾಕೆ ಉರ್ಕೋತೀಯ? ನಿಮ್ಮಮ್ಮನಾ?’

ಅವನು ತಮಾಷೆಗೆ ಕೇಳಿದ್ದು. ಸಾಲಿನಲ್ಲಿದ್ದವರು ಮತ್ತೊಮ್ಮೆ ನಕ್ಕರು.

‘ಅಲ್ಲಪ್ಪ,’ ಎಂದಳು ಚೂಟಿ.

ಪರದೆಯ ಮೇಲೆ ಮುಂದಿನ ವಿಡಿಯೋ ಬಂತು. ಬೇರೆ ಯಾರದೋ ಕೈ. ಅವಳು ‘ಎತ್ತಿದ್ದು’ ಎಂದು ಒತ್ತಿದಳು.

*

ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಮ್ಮ ಕಾಲರ್ ಹೊಲಿಯುವ ಕಾರ್ಖಾನೆ ಅದೇ ರಸ್ತೆಯಲ್ಲಿತ್ತು, ಆಫೀಸಿಗಿಂತ ಒಂದು ಸ್ಟಾಪ್ ಮೊದಲು. ಅಲ್ಲಿ ಟೋಪಿ ತೊಡಿಸಿದ ದಿನವೇ ಅಮ್ಮ ಮನೆಗೆ ಬಂದು ಹೇಳಿದ್ದಳು. ‘ತಲೆ ಮೇಲೆ ಕಣ್ಣು ಕೂರ್ಸಿದಾರೆ ಕಣೆ. ಇನ್ನು ನನಗೆ ಮೂರು ಕಣ್ಣು, ಹುಷಾರಾಗಿರು,’ ಎಂದು ನಕ್ಕಿದ್ದಳು. ಚೂಟಿಯ ಆಫೀಸಿಗೆ ಹೊಸ ವಿಡಿಯೋಗಳು ಬರತೊಡಗಿದ್ದೂ ಅದೇ ಹೊತ್ತಿಗೆ. ಎಲ್ಲಿಂದ ಬರುತ್ತವೆ ಎಂದು ಕೇಳಬಾರದು ಎಂದು ಟೀಮ್ ಲೀಡರ್ ಹೇಳಿದ್ದ. ಅವಳಿಗೆ ಅದೇ ಅನುಕೂಲವಾಗಿತ್ತು. ಅವಳು ಕೇಳಲಿಲ್ಲ. ಕೇಳದೇ ಇದ್ದರೆ ಆ ಕೈಗಳು ಎಲ್ಲೋ ದೂರದವರವು.

ಚೂಟಿ ಎನ್ನುವುದು ಅಮ್ಮ ಇಟ್ಟ ಅಡ್ಡಹೆಸರು. ಒಂದು ಸಲ ಹೇಳಿದ್ದನ್ನು ಎರಡನೇ ಸಲ ಹೇಳಿಸಿಕೊಳ್ಳದ ಮಗು. ಅಪ್ಪ ಬಿಟ್ಟುಹೋದ ಮೇಲೆ ಆ ಒಂದೇ ಕೋಣೆಯ ಮನೆಯಲ್ಲಿ ಇಬ್ಬರೇ. ‘ನನ್ನ ಹಾಗೆ ಬೆನ್ನು ಬಗ್ಗಿಸ್ಬೇಡ. ಕೂತ್ಕೊಂಡು ಮಾಡೋ ಕೆಲ್ಸ ಹಿಡಿ,’ ಎಂದು ಅಮ್ಮ ಹಟ ಹಿಡಿದು ಓದಿಸಿದ್ದಳು. ಅಮ್ಮನದೂ ಕೂತು ಮಾಡುವ ಕೆಲಸವೇ. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

ಆಫೀಸಿನಲ್ಲಿ ಚೂಟಿ ಒಂದು ಸುಳ್ಳು ಹೇಳಿದ್ದಳು. ಅಮ್ಮನದು ಸ್ವಂತ ಟೈಲರಿಂಗ್ ಅಂಗಡಿ ಎಂದು. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು, ಬೇರೆ ಬೇರೆ ಸೀಟಿನಲ್ಲಿ. ಅಮ್ಮ ಇಳಿಯುವಾಗ ತಿರುಗಿ ನೋಡುತ್ತಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ಅರ್ಥ ಮಾಡಿಕೊಂಡಿದ್ದಳು.

ಕಾರ್ಖಾನೆಯ ಮೂಲೆಯಲ್ಲಿ ಒಂದು ಗಾಜಿನ ಕೋಣೆ ಕಟ್ಟಿದ್ದರಂತೆ. ಒಳಗೆ ಉಕ್ಕಿನ ಕೈ. ಅದು ಕಾಲರ್ ಹಿಡಿಯಲು ಹೋಗಿ ಮುದುರಿಬಿಡುತ್ತಿತ್ತು. ಅಮ್ಮ ಅದನ್ನು ಮನೆಯಲ್ಲಿ ಆಡಿ ತೋರಿಸುತ್ತಿದ್ದಳು. ‘ಮೊದಲ್ನೇ ಸಲ ಕೂಸು ಎತ್ಕೊಳ್ಳೋ ಗಂಡಸಿನ ಹಾಗೆ ಮಾಡುತ್ತೆ ನೋಡು. ಹಿಡ್ಕೊಳ್ಳೋಕೂ ಭಯ, ಬಿಡೋಕೂ ಭಯ.’ ದಿನ ಕಳೆದಂತೆ ಉಕ್ಕಿನ ಕೈ ಮುದುರುವುದು ಕಡಿಮೆಯಾಯಿತು. ಅಮ್ಮ ಆಡಿ ತೋರಿಸುವುದೂ ನಿಂತಿತು. ಆಮೇಲೆ ತೋಳಿನ ಕಫ್ ಹೊಲಿಯುವವರ ಸಾಲನ್ನೇ ತೆಗೆದರು. ಅವರ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ಒತ್ತಿಟ್ಟರು. ಉಳಿದವರು ಅವುಗಳನ್ನು ನೋಡುತ್ತಲೇ ಹೊಲಿಯಬೇಕಿತ್ತು.

ಟೋಪಿ ತೆಗೆಯುವ ಹಾಗಿರಲಿಲ್ಲ. ತೆಗೆದರೆ ಸೂಪರ್‌ವೈಸರ್ ಬಂದು ಮತ್ತೆ ಸರಿಮಾಡಿ ಕೂರಿಸಬೇಕು. ಬರುವಾಗ ಅವನು ಎಲ್ಲರಿಗೂ ಕೇಳುವಂತೆ ಕೂಗುತ್ತ ಬರುತ್ತಿದ್ದ, ‘ಯಾರಪ್ಪಾ ಮಹಾರಾಣಿ, ಕಕ್ಕಸಿಗೆ ಹೋಗಿ ಬಂದೋರು?’ ಹಾಗಾಗಿ ಹೆಂಗಸರು ಟೋಪಿ ತೆಗೆಯುವುದನ್ನೇ ಬಿಟ್ಟರು. ಹೋಗುವಾಗ ಕ್ಯಾಮೆರಾದ ಮೇಲೆ ಕರವಸ್ತ್ರ ಇಳಿಬಿಡುತ್ತಿದ್ದರು. ಅವತ್ತು ಅಮ್ಮನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಮುಟ್ಟು ನಿಲ್ಲುವ ವಯಸ್ಸು. ಬಂದರೆ ಹೊಳೆಯ ಹಾಗೆ ಬರುತ್ತಿತ್ತು. ಕುರ್ಚಿಯಿಂದ ಏಳುವಷ್ಟರಲ್ಲಿ ಬಟ್ಟೆ ಒದ್ದೆಯಾಗಿತ್ತು. ಹಿಂದೆ ಕೈ ಅಡ್ಡ ಹಿಡಿದು ಓಡಿದ್ದಳು. ಕರವಸ್ತ್ರ ಮರೆತುಹೋಗಿತ್ತು.

ಅವತ್ತು ಸಂಜೆ ಮನೆಯ ಹಗ್ಗದ ಮೇಲೆ ಆ ಬಟ್ಟೆ ಒಣಗುತ್ತಿತ್ತು. ಕಲೆ ಮಾಸಿ ಕಂದಾಗಿತ್ತು. ಚೂಟಿ ಅದರ ಕೆಳಗೆ ಬಗ್ಗಿ ಒಳಗೆ ಹೋದಳು.

*

ಮರುದಿನ ಸಂಜೆ ಅಮ್ಮ ಬಂದವಳೇ ಗೋಡೆಗೆ ಒರಗಿ ಕೂತಳು. ಚಪ್ಪಲಿ ಬಿಚ್ಚಿರಲಿಲ್ಲ. ಒಲೆಯ ಮುಂದಿದ್ದ ಚೂಟಿ ತಿರುಗಲಿಲ್ಲ.

‘ಇವತ್ತು ನನ್ನ ನಿಲ್ಲಿಸಿದ್ರು,’ ಎಂದಳು ಅಮ್ಮ.

‘ಎಲ್ಲಿ?’

‘ಸಾಲಿನ ಮುಂದೆ. ಎಲ್ಲರ ಎದುರಿಗೆ. ಕೆಂಪು ಬಿದ್ದಿದೆಯಂತೆ ನನಗೆ. ವ್ಯರ್ಥ ಅಂತ. ಕಕ್ಕಸಿನಲ್ಲಿ ಕೂತು ಕಾಲ ಕಳೀತಾಳೆ ಅಂತ ಓದಿದ ಸೂಪರ್‌ವೈಸರು. ಏನ್ಮಾಡ್ತಿದ್ದೆ ಹೇಳು, ಎಲ್ರಿಗೂ ಹೇಳು ಅಂದ.’

‘ನೀನೇನಂದೆ?’

‘ಏನನ್ಲಿ? ಅವನು ನನ್ನ ಮಗನ ವಯಸ್ಸಿನವನು.’

ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಚೂಟಿ ಅದನ್ನೇ ನೋಡುತ್ತಿದ್ದಳು.

‘ಹೊಟ್ಟೆನೋವು ಅಂದೆ. ಎಲ್ಲ ಹೆಂಗಸರದ್ದೂ ಇದೇ ಹಾಡು ಅಂದ. ಕಟಿಂಗ್ ಸೆಕ್ಷನ್ ಗಂಡಸರು ಅಲ್ಲೇ ನಿಂತಿದ್ರು. ಕಾಜಾ ಅಕ್ಕ ಎದ್ದು ಬೈದಳು ಅವನಿಗೆ. ಅವಳಿಗೂ ಕೆಂಪು ಹಾಕ್ತೀನಿ ಅಂದ. ನಾನೇ ಕೈಸನ್ನೆ ಮಾಡಿ ಕೂರಿಸ್ದೆ ಅವಳನ್ನ.’

ಕಾಜಾ ಅಕ್ಕ ಎಂದರೆ ಅಮ್ಮನ ಪಕ್ಕದ ಯಂತ್ರದಲ್ಲಿ ಅಂಗಿಯ ಗುಂಡಿತೂತಿಗೆ ಕಾಜಾ ಹಾಕುವವಳು. ಇಪ್ಪತ್ತು ವರ್ಷದಿಂದ ಪಕ್ಕಪಕ್ಕದಲ್ಲೇ ಕೂತವರು.

ಅಮ್ಮ ತೆರೆದ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು. ಮನೆಯಲ್ಲಿ ಇಬ್ಬರೇ ಇದ್ದರೂ ದನಿ ತಗ್ಗಿಸಿದಳು.

‘ಲೇ, ನೀನು ಕಂಪ್ಯೂಟರ್ ಕೆಲ್ಸ ಮಾಡೋಳು. ನಿನಗೆ ಗೊತ್ತಿರುತ್ತೆ. ಆ ಟೋಪಿಯಲ್ಲಿ ಬರೋ ಚಿತ್ರ ಎಲ್ಲಿಗೆ ಹೋಗುತ್ತೆ? ಅದನ್ನ ಯಾರಾದ್ರೂ ಕೂತು ನೋಡ್ತಾರಾ?’

ಹೇಳಬಹುದಾಗಿತ್ತು. ಆಗಲೇ, ಅಲ್ಲೇ, ಆ ಕ್ಷಣ. ನಾಲಿಗೆಯ ತುದಿಯವರೆಗೆ ಬಂದಿತ್ತು.

‘ಯಾರೂ ನೋಡಲ್ಲಮ್ಮ. ಯಂತ್ರ ನೋಡುತ್ತೆ ಅಷ್ಟೆ.’

‘ನಿಜ್ವಾಗ್ಲೂ?’

‘ನಿಜ್ವಾಗ್ಲೂ.’

ಅಮ್ಮ ಚಪ್ಪಲಿ ಬಿಚ್ಚಿದಳು. ಕಾಲು ನೀಡಿದಳು. ‘ಯಂತ್ರ ತಾನೆ? ನೋಡ್ಲಿ ಬಿಡು. ಯಂತ್ರದ ಮುಂದೆ ಏನು ನಾಚಿಕೆ? ನಾನು ಎಲ್ಲಿ ಯಾರೋ ಗಂಡಸ್ರು ಕೂತ್ಕೊಂಡು...’ ಮಾತು ಮುಗಿಸಲಿಲ್ಲ. ‘ಇಡೀ ದಿನ ಅದೇ ಯೋಚ್ನೆ ಆಗಿತ್ತು ಕಣೆ. ಹೊಲಿಗೆ ಎರಡು ಸಲ ತಪ್ಪಿತು.’

ಅವತ್ತು ಅಮ್ಮ ಚೆನ್ನಾಗಿ ಉಂಡಳು. ಮಗಳ ತಟ್ಟೆಗೂ ತಾನೇ ಬಡಿಸಿದಳು. ಸೀಳಿದ ಉಗುರಿನ ಆ ಬೆರಳು ತಟ್ಟೆಯ ಅಂಚಿಗೆ ಬಂದಾಗಲೆಲ್ಲ ಚೂಟಿ ಬೇರೆ ಕಡೆ ನೋಡಿದಳು. ತಟ್ಟೆ ಪಕ್ಕಕ್ಕೆ ಸರಿಸಿದಳು. ಹೊಟ್ಟೆ ಸರಿಯಿಲ್ಲ ಎಂದಳು. ಅಮ್ಮ ಅವಳ ಹಣೆ ಮುಟ್ಟಿ ನೋಡಿದಳು.

*

ಮರುದಿನ ಬೆಳಿಗ್ಗೆ ಕಾರ್ಖಾನೆಯಲ್ಲಿ ನಡೆದದ್ದು ಚೂಟಿಗೆ ಆಮೇಲೆ ಗೊತ್ತಾಯಿತು.

ಕನ್ನಡಕದವನು ತನ್ನ ಫೋನಿನಲ್ಲಿದ್ದದ್ದನ್ನು ಗೆಳೆಯರಿಗೆ ಕಳಿಸಿದ್ದ. ಗೆಳೆಯರು ಗೆಳೆಯರಿಗೆ ಕಳಿಸಿದರು. ಅದು ಎಲ್ಲೆಲ್ಲಿ ಸುತ್ತಿತೋ, ಕೊನೆಗೆ ಕಟಿಂಗ್ ಸೆಕ್ಷನ್ನಿನ ಒಬ್ಬನ ಫೋನಿಗೆ ಬಂದು ಬಿತ್ತು. ಬಟ್ಟೆಯ ಥಾನುಗಳ ಹಿಂದೆ ನಿಂತು ನಾಲ್ಕು ಜನ ನೋಡಿ ನಗುತ್ತಿದ್ದರು. ಕಾಜಾ ಅಕ್ಕ ನೀರು ಕುಡಿಯಲು ಆ ಕಡೆ ಹೋದವಳು ನಗು ಕೇಳಿ ನಿಂತಳು. ಫೋನು ಕಿತ್ತುಕೊಂಡಳು. ನೋಡಿದಳು. ಆ ಕೈ ಅವಳಿಗೆ ತನ್ನ ಕೈಯಷ್ಟೇ ಪರಿಚಯ.

ಅವಳು ಫೋನನ್ನು ತಂದು ಕಾಲರ್‌ನವಳ ಯಂತ್ರದ ಮೇಲೆ ಇಟ್ಟಳು. ಕಾರ್ಖಾನೆಯಲ್ಲಿ ಅಮ್ಮನಿಗೆ ಅದೇ ಹೆಸರು.

‘ಯಂತ್ರ ನೋಡುತ್ತೆ ಅಂದ್ಯಲ್ಲ. ಇಲ್ನೋಡು. ಇದ್ರಲ್ಲಿ ನಗೋ ಸದ್ದು ಕೇಳುತ್ತೆ. ಯಂತ್ರ ನಗುತ್ತೇನೇ?’

ಅಮ್ಮ ಪೂರ್ತಿ ನೋಡಿದಳು. ಕಣ್ಣು ತೆಗೆಯಲಿಲ್ಲ. ಯಂತ್ರ ನಿಲ್ಲಿಸಿದಳು. ಹೊಲಿಯುತ್ತಿದ್ದ ಕಾಲರ್ ಅರ್ಧಕ್ಕೇ ನಿಂತಿತು. ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟಳು, ಅಂಗೈ ಕೆಳಗೆ ಮಾಡಿ.

ಸೂಪರ್‌ವೈಸರ್ ಓಡಿಬಂದ. ‘ಏನಾಯ್ತು ನಿಂಗೆ? ಹೊಲಿ!’

‘ಹೊಲಿಯಲ್ಲ.’

‘ಟೋಪಿ ಕೆಲ್ಸ ಮಾಡ್ತಾ ಇದೆ. ಕೆಂಪು ಬೀಳುತ್ತೆ.’

‘ಬೀಳ್ಲಿ. ಟೋಪಿ ತೆಗೆಯಲ್ಲ. ನೋಡೋರಿದ್ದಾರಲ್ಲ, ಇದನ್ನೂ ನೋಡ್ಲಿ.’

ಕಾಜಾ ಅಕ್ಕ ತನ್ನ ಯಂತ್ರಕ್ಕೆ ಹೋಗಿ ಕೂತಳು. ಅವಳೂ ಕೈ ಕೆಳಗಿಟ್ಟಳು. ಅವಳ ಆಚೆಯವಳೂ ಇಟ್ಟಳು. ಸಾಲು ಹಿಡಿದು ಯಂತ್ರಗಳು ನಿಂತವು. ಗಾಜಿನ ಕೋಣೆಯೊಳಗೆ ಉಕ್ಕಿನ ಕೈ ಒಂದೇ ಬಟ್ಟೆ ಎತ್ತುತ್ತಿತ್ತು, ಇಳಿಸುತ್ತಿತ್ತು.

*

ಟೋಪಿಗಳ ಚಿತ್ರ ತುಂಬಿದ ಮೆಮೊರಿ ಕಾರ್ಡುಗಳನ್ನು ದಿನವೂ ಮಧ್ಯಾಹ್ನಕ್ಕೆ ಮೊದಲು ಬೈಕಿನವನೊಬ್ಬ ಆಫೀಸಿಗೆ ತಂದುಕೊಡುತ್ತಿದ್ದ. ಅವತ್ತೂ ತಂದ. ಅವನ ಮುಖ ಬಿಳಿಚಿಕೊಂಡಿತ್ತು.

ಚೂಟಿಯ ಪರದೆಯ ಮೇಲೆ ಎರಡು ಕೈ ಬಂದವು. ಮೇಜಿನ ಮೇಲೆ ಸುಮ್ಮನೆ ಮಲಗಿದ್ದವು. ಅವಳು ಕಾದಳು. ಕೈಗಳು ಅಲುಗಲಿಲ್ಲ.

‘ನನ್ನದು ಹ್ಯಾಂಗ್ ಆಗಿದೆ,’ ಎಂದ ಕನ್ನಡಕದವನು.

‘ನನ್ನದೂ.’

ಚೂಟಿ ಎದ್ದು ಸಾಲಿನ ಉದ್ದಕ್ಕೂ ನೋಡಿದಳು. ಎಲ್ಲ ಪರದೆಗಳ ಮೇಲೂ ಕೈ. ಕಪ್ಪು ಕೈ, ಬಿಳಿಚಿದ ಕೈ, ಗಂಟು ಕಟ್ಟಿದ ಬೆರಳು, ಸುಟ್ಟ ಗುರುತು, ಬಣ್ಣ ಹತ್ತಿದ ಉಗುರು. ಯಾವ ಕೈಯೂ ಏನನ್ನೂ ಎತ್ತುತ್ತಿರಲಿಲ್ಲ. ಅವಳು ಇಷ್ಟು ದಿನ ಇವೇ ಕೈಗಳನ್ನು ನೋಡಿದ್ದಳು. ನಿಂತದ್ದನ್ನು ನೋಡಿದ್ದು ಇದೇ ಮೊದಲು. ನಿಂತಾಗ ಅವು ಮನುಷ್ಯರ ಕೈಗಳಾಗಿ ಕಂಡವು.

ಟೀಮ್ ಲೀಡರ್ ಬಂದ. ‘ಎಲ್ಲದಕ್ಕೂ ವ್ಯರ್ಥ ಒತ್ತಿ. ಬೇಗ. ಯಾರ್ಯಾರು ಅಂತ ಕಾರ್ಖಾನೆಯವರು ಕೇಳ್ತಿದಾರೆ. ಇವತ್ತೇ ಎಲ್ಲರನ್ನೂ ಮನೆಗೆ ಕಳಿಸ್ತಾರಂತೆ.’

ಬಟನ್ ಒತ್ತುವ ಸದ್ದು ಶುರುವಾಯಿತು. ಟಕ್, ಟಕ್.

ಅಷ್ಟರಲ್ಲಿ ಕೆಳಗಿನಿಂದ ಗದ್ದಲ ಕೇಳಿಸಿತು. ಕಿಟಕಿಯ ಹತ್ತಿರದವರು ಬಗ್ಗಿದರು. ರಸ್ತೆಯಲ್ಲಿ ಹೆಂಗಸರು. ಬೈಕಿನವನನ್ನು ಕೇಳಿಕೊಂಡು ಅವನ ಹಿಂದೆಯೇ ನಡೆದು ಬಂದಿದ್ದರು. ಟೋಪಿಗಳನ್ನು ಗೇಟಿನ ಮುಂದೆ ರಾಶಿ ಹಾಕಿ ಅದರ ಸುತ್ತ ನೆಲದ ಮೇಲೆ ಕೂತಿದ್ದರು. ಕಾಜಾ ಅಕ್ಕ ನಿಂತು ಮೇಲಕ್ಕೆ ಕೂಗುತ್ತಿದ್ದಳು. ಅವಳ ದನಿ ಮೂರನೇ ಮಹಡಿಯವರೆಗೆ ನೆಟ್ಟಗೆ ಬರುತ್ತಿತ್ತು.

‘ನೋಡಿದವರು ಕೆಳಗೆ ಬನ್ನಿ! ನಮ್ಮ ಕೈ ನೋಡಿ ನಕ್ರಲ್ಲ, ಬಂದು ಮುಖ ನೋಡಿ!’

ಟೀಮ್ ಲೀಡರ್ ಕಿಟಕಿ ಮುಚ್ಚಿದ. ಕಿಟಕಿಯ ಕರ್ಟನ್ ಎಳೆದ. ‘ಯಾರೂ ಇಳಿಯೋ ಹಾಗಿಲ್ಲ. ಪೊಲೀಸರಿಗೆ ಹೇಳಿದೀವಿ. ಅನಾಗರಿಕರು. ಒಂದು ಬಟನ್ ಒತ್ತಿದ್ದಕ್ಕೆ ಇಷ್ಟು ರಂಪ.’ ತಿರುಗಿದವನಿಗೆ ಚೂಟಿ ಸುಮ್ಮನೆ ನಿಂತದ್ದು ಕಂಡಿತು. ‘ನಿಂದು ಒತ್ತಿದ್ಯಾ?’

ಅವಳ ಪರದೆಯ ಮೇಲೆ ಮೊದಲ ವಿಡಿಯೋ ತಾನಾಗಿ ಮುಗಿದು ಮುಂದಿನ ಜೋಡಿ ಕೈ ಬಂದಿತ್ತು. ಎಡಗೈ ತೋರುಬೆರಳಿನ ಉಗುರು ಎರಡು ಚೂರು.

‘ಇಲ್ಲ.’

‘ಒತ್ತು.’

‘ಒತ್ತಲ್ಲ.’

‘ಏನಂದೆ?’

‘ಅದು ನಮ್ಮಮ್ಮನ ಕೈ,’ ಎಂದಳು ಚೂಟಿ.

ಟಕ್ ಟಕ್ ನಿಂತಿತು. ಅವಳು ಮೇಜು ಹಿಡಿದುಕೊಂಡಳು.

‘ಮೊನ್ನೆಯದೂ ನಮ್ಮಮ್ಮನೇ. ಅವಳಿಗೆ ಅಂಗಡಿ ಇಲ್ಲ. ಅವಳು ಕಾಲರ್ ಹೊಲೀತಾಳೆ. ನಾನು ಸುಳ್ಳು ಹೇಳ್ದೆ.’

ಕನ್ನಡಕದವನ ಬಾಯಿ ತೆರೆಯಿತು. ‘ನೀನೇ ಅಲ್ಲ ಅಂದ್ಯಲ್ಲ...’

‘ಹೂಂ. ಅಂದೆ. ನಿನ್ನ ಜೊತೆ ನಕ್ಕೆ ಕೂಡ.’

ಟೀಮ್ ಲೀಡರ್ ಬಾಗಿಲಿಗೆ ಅಡ್ಡ ಬಂದು, ಈಗ ಹೊರಗೆ ಹೋದರೆ ಮತ್ತೆ ಒಳಗೆ ಬರುವ ಹಾಗಿಲ್ಲ ಎಂದ. ಅವಳು ಕೊರಳಿನ ಗುರುತಿನ ಚೀಟಿ ತೆಗೆದು ಅವನ ಕೈಗೆ ಕೊಟ್ಟಳು. ಅವನು ತೆಗೆದುಕೊಂಡು ಪಕ್ಕಕ್ಕೆ ಸರಿದ.

*

ಮೆಟ್ಟಿಲು ಇಳಿಯುವಾಗ ಧೈರ್ಯ ಬಂದಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪ್ರತಿ ತಿರುವಿನಲ್ಲೂ ಅವಳಿಗೆ ಹಿಂದಿನ ಬಾಗಿಲಿನಿಂದ ಓಡಿಹೋಗಬೇಕೆನಿಸಿತು. ಮೇಲೆ ಇದ್ದವರ ಮುಂದೆ ಹೇಳುವುದು ಸುಲಭವಿತ್ತು. ಅವರು ಅವಳಿಗೆ ಏನೂ ಆಗಬೇಕಿರಲಿಲ್ಲ.

ಕಾವಲಿನವನು ಗೇಟಿನ ಸಣ್ಣ ಬಾಗಿಲು ತೆರೆದ. ಬಿಸಿಲು ಮುಖಕ್ಕೆ ಹೊಡೆಯಿತು. ಹೆಂಗಸರು ತಲೆ ಎತ್ತಿದರು. ಅಮ್ಮ ಮುಂದಿನ ಸಾಲಿನಲ್ಲೇ ಇದ್ದಳು. ಮಗಳನ್ನು ನೋಡಿ ಅವಳ ಮುಖ ಅರಳಿತು.

‘ನೋಡ್ರೇ, ನನ್ನ ಮಗಳು!’ ಎಂದಳು. ‘ಸುದ್ದಿ ಕೇಳಿ ಬಂದಿದಾಳೆ. ಬಾ, ಇಲ್ಲಿ ಕೂತ್ಕೋ.’ ಜಾಗ ಮಾಡಿಕೊಡಲು ಸರಿದಳು.

ಅಮ್ಮನಿಗೆ ಆಫೀಸು ಯಾವುದೆಂದು ಗೊತ್ತಿರಲಿಲ್ಲ. ಮಗಳು ಯಾವತ್ತೂ ತೋರಿಸಿರಲಿಲ್ಲ.

ಚೂಟಿ ಕೂರಲಿಲ್ಲ. ಟೋಪಿಗಳ ರಾಶಿಯ ಈ ಕಡೆಯೇ ನಿಂತಳು. ತಲೆ ತಗ್ಗಿಸಿದಳು.

‘ಅಮ್ಮ, ನಾನು ಹೊರಗಿಂದ ಬಂದಿಲ್ಲ. ಮೇಲಿಂದ ಬಂದೆ.’

‘ಅಂದ್ರೆ?’

‘ನೋಡಿದವಳು ನಾನು. ಕೆಂಪು ಒತ್ತಿದವಳೂ ನಾನೇ. ಎಲ್ಲರನ್ನೂ ಕರೆದು ತೋರಿಸ್ದೆ. ನಕ್ಕೆ. ಆಮೇಲೆ ಉಗುರು ನೋಡ್ದೆ. ನಿಮ್ಮಮ್ಮನಾ ಅಂತ ಕೇಳಿದ್ರು, ಅಲ್ಲ ಅಂದೆ.’ ಅವಳು ಟೋಪಿಗಳ ರಾಶಿಯನ್ನೇ ನೋಡುತ್ತಿದ್ದಳು. ‘ಯಾರೂ ನೋಡಲ್ಲ ಅಂತ ನಿನಗೂ ಸುಳ್ಳು ಹೇಳ್ದೆ.’

ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಹೆಂಗಸರಲ್ಲಿ ಯಾರೋ ‘ಅಯ್ಯೋ ಪಾಪಿ’ ಎಂದರು. ಯಾರೋ ನೆಲಕ್ಕೆ ಉಗಿದರು. ಕಾಜಾ ಅಕ್ಕ ಒಂದು ಹೆಜ್ಜೆ ಮುಂದೆ ಬಂದವಳು ಅಮ್ಮನ ಮುಖ ನೋಡಿ ನಿಂತಳು.

ಚೂಟಿ ಏಟಿಗೆ ಕಾದಳು. ಏಟು ಬಿದ್ದಿದ್ದರೆ ಹಗುರಾಗುತ್ತಿತ್ತು. ಅಮ್ಮ ಎದ್ದ ಸದ್ದು ಕೇಳಿಸಿತು. ಮಂಡಿಯ ಮೇಲೆ ಕೈ ಊರಿ, ನಿಧಾನಕ್ಕೆ. ಹತ್ತಿರ ಬಂದಳು. ಮೆಷಿನ್ ಎಣ್ಣೆಯ ವಾಸನೆ ಬಂತು.

‘ತಲೆ ಎತ್ತು,’ ಎಂದಳು.

ಚೂಟಿಗೆ ಆಗಲಿಲ್ಲ.

‘ಮುಖ ನೋಡಬೇಕು ಅಂತ ತಾನೆ ಕರೆದಿರೋದು? ನೋಡು.’

ಅವಳು ತಲೆ ಎತ್ತಿದಳು. ಅಮ್ಮನ ಮುಖದಲ್ಲಿ ಸಿಟ್ಟು ಇರುತ್ತದೆ ಎಂದುಕೊಂಡಿದ್ದಳು. ಸಿಟ್ಟು ಇತ್ತು. ಅದರ ಕೆಳಗೆ ನಾಚಿಕೆ ಇತ್ತು. ಮಗಳ ಕಣ್ಣಿಗೆ ತಾನು ಬಿದ್ದ ರೀತಿಗೆ ನಾಚಿಕೆ. ಅಮ್ಮನೂ ಕಣ್ಣು ತಪ್ಪಿಸಲು ನೋಡಿದಳು, ಆದರೆ ತಪ್ಪಿಸಲಿಲ್ಲ. ಇಬ್ಬರೂ ಹಾಗೇ ನಿಂತರು. ಅಷ್ಟು ಹತ್ತಿರದಿಂದ ಅಮ್ಮನನ್ನು ನೋಡಿ ಎಷ್ಟು ಕಾಲವಾಗಿತ್ತು. ಹಣೆಯ ಮೇಲೆ ಟೋಪಿಯ ಪಟ್ಟಿ ಒತ್ತಿದ ಗೆರೆ ಹಸಿಯಾಗಿತ್ತು.

‘ಮೇಲೆ ಎಷ್ಟು ಜನ ಇದಾರೆ?’ ಎಂದು ಕೇಳಿದಳು ಅಮ್ಮ.

‘ತುಂಬಾ ಜನ.’

‘ಎಲ್ರೂ ನಕ್ರಾ?’

‘ನಮ್ಮ ಸಾಲು.’

‘ಅವರಿಗೂ ಅಮ್ಮಂದಿರು ಇದ್ದಾರಲ್ಲ?’

ಚೂಟಿ ಹೌದೆಂದು ತಲೆಯಾಡಿಸಿದಳು.

‘ಹಂಗಾದ್ರೆ ಇಲ್ಲಿ ನಿಂತು ಅಳಬೇಡ,’ ಎಂದಳು ಅಮ್ಮ. ಅವಳ ದನಿ ಒರಟಾಗಿತ್ತು. ಮಗಳ ಕಣ್ಣು ಒರೆಸಲಿಲ್ಲ. ಭುಜ ಹಿಡಿದು ಗೇಟಿನ ಕಡೆಗೆ ತಿರುಗಿಸಿದಳು. ‘ನಿನ್ನ ಲೆಕ್ಕ ಮನೆಯಲ್ಲಿ ನೋಡ್ಕೊಳ್ಳೋಣ. ಈಗ ಮೇಲೆ ಹೋಗು. ಉಳಿದವರನ್ನೂ ಕರ್ಕೊಂಡು ಬಾ.’

ಕಾವಲಿನವನು ಗೇಟಿಗೆ ಅಡ್ಡ ನಿಂತ. ಒಳಗೆ ಬಿಡಬೇಡವೆಂದು ಮೇಲಿನಿಂದ ಹೇಳಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಚೂಟಿಯ ಬೆನ್ನಿಗೆ ಬಂದು ನಿಂತರು. ಅವನು ಅವರನ್ನು ನೋಡಿದ. ಮುಖ ತಿರುಗಿಸಿಕೊಂಡ. ದಾರಿ ಬಿಟ್ಟ.

ಚೂಟಿ ಮೆಟ್ಟಿಲು ಹತ್ತತೊಡಗಿದಳು.